ನಡುವಿನ ಪಟ್ಟಿ ಸ್ವಾಪ್‌ನದ್ದು

ಮೊನ್ನೆ ಹೆಗಡೆಕಟ್ಟೆ ಕಡೆ ಅತ್ತೆ ಮನೆಗೆ ಹೋಗಿದ್ದೆ. ಮಳೆ ಬಿಟ್ಟಿರಲಿಲ್ಲ. ಮಾವ ಕವಳ ಹಾಕಿಕೊಂಡು ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. "ತಮಾ, ಇದು ಜಾಗ ಇಲ್ಲೆ ಹೇಳ್ತು, ಒಂಚೂರು ನೋಡು" ಅಂದರು.

ಅದಕ್ಕೆ ಆರೇಳು ವರ್ಷದ ಹಿಂದೆ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. 500 ಜಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್. ಅಡಿಕೆ ಲೆಕ್ಕ, ಕೊನೆಗೌಡರ ಕೂಲಿ, ಕೊಳೆಗೆ ಮದ್ದು ಹೊಡೆಸಿದ ಖರ್ಚು, ಮೊಮ್ಮಗಳ ಫೋಟೋ ಎಲ್ಲ ಅದರಲ್ಲೇ ಇದೆ. ಹಾಗಾಗಿ ಸುಮ್ನೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವ ಮಾತೇ ಇರಲಿಲ್ಲ.

ಟರ್ಮಿನಲ್ ತೆರೆದು, ಡಿಸ್ಕಿನ ಪಾರ್ಟಿಷನ್‌ಗಳನ್ನು (ಪಾಲುಗಳನ್ನು) ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟೆ. ಮೊದಲು ಎಸ್‌ಡಿಎ1, 20 ಜಿಬಿ, ರೂಟ್, ಅಂದರೆ ಸಿಸ್ಟಮ್ ಮತ್ತು ಪ್ರೋಗ್ರಾಮ್‌ಗಳು ಇರುವ ಜಾಗ. ಆಮೇಲೆ ಎಸ್‌ಡಿಎ2 ಅನ್ನುವ ಎಕ್ಸ್‌ಟೆಂಡೆಡ್ ಪಾರ್ಟಿಷನ್, ಅದರ ಹೊಟ್ಟೆಯೊಳಗೆ 4 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾದಾಗ ಅದರಲ್ಲಿದ್ದದ್ದನ್ನು ಇಡುವ ಜಾಗ) ಎಸ್‌ಡಿಎ5, ಉಳಿದದ್ದೆಲ್ಲ ನಮ್ಮ ಫೈಲ್‌ಗಳು ಇರುವ ಹೋಮ್, ಎಸ್‌ಡಿಎ6. ರೂಟ್ ಪೂರ್ತಿ ತುಂಬಿತ್ತು. ಹೋಮ್‌ನಲ್ಲಿ 300 ಜಿಬಿಗಿಂತ ಜಾಸ್ತಿ ಖಾಲಿ ಬಿದ್ದಿತ್ತು.

ಅಷ್ಟು ಖಾಲಿ ಇದ್ದರೆ ಅಲ್ಲಿಂದ ತೆಗೆದು ಇಲ್ಲಿಗೆ ಕೊಡಬಹುದಲ್ವಾ ಅಂತ ಮಾವ ಕೇಳಿದರು. ತೋಟ ಪಾಲು ಮಾಡಿಕೊಂಡವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ತುಂಡು ಅಣ್ಣನದ್ದು, ಕೆಳಗಿನ ದೊಡ್ಡ ತುಂಡು ತಮ್ಮನದ್ದು, ನಡುವೆ ಒಂದು ಸಣ್ಣ ಪಟ್ಟಿ ಚಿಕ್ಕಪ್ಪನದ್ದು. ತಮ್ಮ ಎಷ್ಟೇ ಜಾಗ ಬಿಡಲು ಒಪ್ಪಿದರೂ ನಡುವಿನ ಪಟ್ಟಿ ಇರುವ ತನಕ ಅಣ್ಣನ ಬೇಲಿ ಸರಿಯುವುದಿಲ್ಲ. ಪಾರ್ಟಿಷನ್ ಬೆಳೆಯುವುದು ಪಕ್ಕದಲ್ಲೇ ಖಾಲಿ ಜಾಗ ಇದ್ದರೆ ಮಾತ್ರ. ಇಲ್ಲಿ ನಡುವಿನ ಪಟ್ಟಿ ಸ್ವಾಪ್‌ನದ್ದು.

ಈ ಎಕ್ಸ್‌ಟೆಂಡೆಡ್ ಅನ್ನುವುದು ಡಿಸ್ಕ್ ಪಾಲು ಮಾಡುವ ಹಳೆಯ ಎಂಬಿಆರ್ ಪದ್ಧತಿಯ ಉಳಿಕೆ. ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗೆ ಜಾಗ. ಜಾಸ್ತಿ ಬೇಕಾದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಪಾರ್ಟಿಷನ್ ಮಾಡಬೇಕು, ಅವುಗಳ ನಂಬರು 5ರಿಂದ ಶುರು. ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ಈ ರಗಳೆ ಇಲ್ಲ, ಸಾಮಾನ್ಯವಾಗಿ 128 ಪಾರ್ಟಿಷನ್ ತನಕ ಮಾಡಬಹುದು.

ಸ್ವಾಪ್ ಬೇಡವೇ ಬೇಡ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 4 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರ್‌ನ ಹತ್ತು ಟ್ಯಾಬ್ ತೆರೆದರೆ ಮುಗಿಯಿತು, ಸ್ವಾಪ್ ಇಲ್ಲದಿದ್ದರೆ ಕರ್ನಲ್ (ಸಿಸ್ಟಮ್‌ನ ತಿರುಳು) ಯಾವುದಾದರೂ ಪ್ರೋಗ್ರಾಮನ್ನು ಕೊಂದೇ ಜಾಗ ಮಾಡಿಕೊಳ್ಳುತ್ತದೆ, ಮತ್ತು ಅದು ಮಾವ ಇನ್ನೂ ಸೇವ್ ಮಾಡದ ಲೆಕ್ಕದ ಹಾಳೆಯೇ ಆಗಿರಬಹುದು. ಲಿನಕ್ಸ್‌ಗೆ ಈ ಸೌಲಭ್ಯ ಬಂದದ್ದೇ ಬಡ ಮಷೀನಿನ ಸಲುವಾಗಿ. ಜರ್ಮನಿಯ ಒಬ್ಬರ ಹತ್ತಿರ 2 ಎಂಬಿ ರ‍್ಯಾಮ್ ಮಾತ್ರ ಇತ್ತು, ಅದರಲ್ಲಿ ಕರ್ನಲ್ ಕಂಪೈಲ್ ಆಗುತ್ತಿರಲಿಲ್ಲ, ಅದಕ್ಕೆಂದೇ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 1991ರ ಕ್ರಿಸ್‌ಮಸ್ ಹೊತ್ತಿಗೆ ಇದನ್ನು ಬರೆದರು. ನನಗೆ ಇದು ತುಂಬಾ ಇಷ್ಟದ ಸಂಗತಿ.

ಆದರೆ ಸ್ವಾಪ್‌ಗೆ ಬೇರೆ ಪಾರ್ಟಿಷನ್ನೇ ಬೇಕು ಅಂತಿಲ್ಲ. ಒಂದು ಫೈಲ್ ಸಾಕು. ಉಬುಂಟು ಅನ್ನುವ ಲಿನಕ್ಸ್ ತನ್ನ 17.04 ಆವೃತ್ತಿಯಿಂದಲೇ ಹಾಗೆ ಮಾಡುತ್ತಿದೆ.

ಹೋಮ್‌ನ ಎಡ ಅಂಚನ್ನು ಸರಿಸಿ ರೂಟ್‌ಗೆ 50 ಜಿಬಿ ಕೊಡುವ ದಾರಿಯೂ ಇತ್ತು. ಅದಕ್ಕೆ ನನಗೆ ಮನಸ್ಸಾಗಲಿಲ್ಲ. ಎಡ ಅಂಚು ಸರಿಸುವುದು ಅಂದರೆ ಒಳಗಿನ ಡೇಟಾವನ್ನೆಲ್ಲ ಎತ್ತಿ ಬೇರೆ ಕಡೆ ಇಟ್ಟ ಹಾಗೆ, ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯದಲ್ಲಿ ಕರೆಂಟ್ ಹೋದರೆ ಫೈಲ್‌ಸಿಸ್ಟಮ್ ಕೈಗೆ ಸಿಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಒಂದು ಮರ ಬಿದ್ದರೆ ಕರೆಂಟ್ ಬರುವುದು ಮಾರನೇ ದಿನ. ಆ ಲ್ಯಾಪ್‌ಟಾಪಿನ ಬ್ಯಾಟರಿ ಇಪ್ಪತ್ತು ನಿಮಿಷ ನಿಲ್ಲುತ್ತದೆ.

ಮೊದಲು ಲೆಕ್ಕ, ಫೋಟೋ ಎಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಎಸ್‌ಎಫ್‌ಡಿಸ್ಕ್ ಕಮಾಂಡಿನಿಂದ ಪಾರ್ಟಿಷನ್ ಟೇಬಲನ್ನು (ಯಾವ ಪಾಲು ಎಲ್ಲಿಂದ ಎಲ್ಲಿಗೆ ಅನ್ನುವ ದಾಖಲೆ) ಒಂದು ಫೈಲಿಗೆ ಬರೆಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಬೇಡದ ಪ್ಯಾಕೇಜ್ ತೆಗೆಯುವ ಆಪ್ಟ್ ಆಟೋರಿಮೂವ್ ಕೊಟ್ಟರೆ ಹಳೆಯ ಕರ್ನಲ್‌ಗಳೆಲ್ಲ ಹೋಗಿ ಸುಮಾರು ಜಾಗ ಬಂತು. ಆಮೇಲೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಓಡುವ ಸಿಸ್ಟಮ್ ಇರುವ ಪೆನ್‌ಡ್ರೈವ್) ಬೂಟ್ ಮಾಡಿ, ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ತೆರೆದೆ. ಅಲ್ಲಿ ಸ್ವಾಪ್ ಪಕ್ಕ ಒಂದು ಕೀಲಿಯ ಚಿತ್ರ ಇತ್ತು. ಲೈವ್ ಸಿಸ್ಟಮ್ ಡಿಸ್ಕಿನಲ್ಲಿ ಸ್ವಾಪ್ ಕಂಡರೆ ತಾನೇ ಬಳಸಲು ಶುರು ಮಾಡುತ್ತದೆ, ಅದನ್ನು ಸ್ವಾಪ್ ಆಫ್ ಮಾಡದೆ ಎಕ್ಸ್‌ಟೆಂಡೆಡ್ ಮುಟ್ಟಲಿಕ್ಕೂ ಬಿಡುವುದಿಲ್ಲ. ಆಫ್ ಮಾಡಿ ಸ್ವಾಪ್ ಅಳಿಸಿದೆ. ಇಷ್ಟಕ್ಕೇ ರೂಟ್‌ಗೆ ಜಾಗ ಸಿಗುವುದಿಲ್ಲ, ಯಾಕೆಂದರೆ ಖಾಲಿಯಾದ 4 ಜಿಬಿ ಇನ್ನೂ ಎಕ್ಸ್‌ಟೆಂಡೆಡ್ ಬೇಲಿಯ ಒಳಗೇ ಇದೆ. ಆ ಬೇಲಿಯನ್ನು ಎಡದಿಂದ ಕುಗ್ಗಿಸಿ, ನಂತರ ರೂಟ್ ಬೆಳೆಸಿದೆ. ಡೇಟಾ ಅಲುಗಾಡಲಿಲ್ಲ, ಒಂದೆರಡು ನಿಮಿಷದಲ್ಲಿ ಮುಗಿಯಿತು. ಹೋಮ್ ಮಾತ್ರ ಎಸ್‌ಡಿಎ6 ಇದ್ದದ್ದು ಎಸ್‌ಡಿಎ5 ಆಯಿತು. ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಈ ನಂಬರಿನ ಬದಲು ಪಾರ್ಟಿಷನ್‌ನ ಸ್ವಂತ ಗುರುತು ಯುಯುಐಡಿ ಬರೆದಿದ್ದರಿಂದ ತೊಂದರೆಯಾಗಲಿಲ್ಲ.

ಸ್ವಾಪ್ ಫೈಲನ್ನು ಹೋಮ್‌ನಲ್ಲೇ ಇಟ್ಟೆ. ಡಿಡಿ ಕಮಾಂಡಿನಿಂದ 4 ಜಿಬಿ ಸೊನ್ನೆ ಬರೆಸುವುದು, ಅನುಮತಿ 600 (ಒಡೆಯ ಬಿಟ್ಟು ಬೇರೆಯವರು ಓದದ ಹಾಗೆ) ಮಾಡುವುದು, ಎಂಕೆಸ್ವಾಪ್‌ನಿಂದ ಸ್ವಾಪ್‌ಗೆ ಸಿದ್ಧ ಮಾಡುವುದು, ಸ್ವಾಪ್‌ಆನ್‌ನಿಂದ ಚಾಲೂ ಮಾಡುವುದು, ಎಫ್‌ಸ್ಟ್ಯಾಬ್‌ಗೆ ಒಂದು ಸಾಲು. 600 ಮರೆಯಬೇಡಿ, ರ‍್ಯಾಮ್‌ನಲ್ಲಿದ್ದ ಪಾಸ್‌ವರ್ಡ್ ಕೂಡ ಆ ಫೈಲಿಗೆ ಬಂದು ಕೂರಬಹುದು.

ರೀಬೂಟ್ ಮಾಡಿದರೆ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಕಪ್ಪು ಪರದೆ. ಮಾವ ಏನೂ ಹೇಳಲಿಲ್ಲ, ಆದರೆ ಕವಳದ ಬಟ್ಟಲು ಕೆಳಗಿಟ್ಟರು. ಎಫ್‌ಸ್ಟ್ಯಾಬ್‌ನಲ್ಲಿ ಹಳೆಯ ಸ್ವಾಪ್‌ನ ಸಾಲು ಹಾಗೇ ಉಳಿದಿತ್ತು, ಬೂಟ್ ಕೆಲಸ ನಡೆಸುವ ಸಿಸ್ಟಮ್‌ಡಿ, ಈಗ ಇಲ್ಲದ ಆ ಪಾರ್ಟಿಷನ್‌ಗಾಗಿ 90 ಸೆಕೆಂಡ್ ಕಾಯುತ್ತಿತ್ತು. ಆ ಸಾಲು ತೆಗೆದೆ. ಆದರೂ ಶುರುವಿನಲ್ಲಿ ಅರ್ಧ ನಿಮಿಷ ತಡ. ಹೈಬರ್ನೇಟ್‌ನಿಂದ (ರ‍್ಯಾಮ್‌ನಲ್ಲಿದ್ದದ್ದನ್ನು ಸ್ವಾಪ್‌ಗೆ ಬರೆದು ಮಲಗುವುದು) ಎದ್ದೇಳಲು, ಬೂಟ್‌ನ ಮೊದಲ ಹಂತದಲ್ಲಿ ಓಡುವ ಪುಟ್ಟ ಸಿಸ್ಟಮ್ ಇನಿಟ್‌ರಾಮ್‌ಎಫ್‌ಎಸ್ ಕೂಡ ಅದೇ ಹಳೆಯ ಯುಯುಐಡಿ ಹುಡುಕುತ್ತಿತ್ತು. ಇನಿಟ್‌ರಾಮ್‌ಎಫ್‌ಎಸ್ ಟೂಲ್ಸ್‌ನ ರೆಸ್ಯೂಮ್ ಫೈಲಿನಲ್ಲಿ ನನ್ (none, ಯಾವುದೂ ಇಲ್ಲ) ಅಂತ ಬರೆದು ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ ಮೇಲೆ ಸರಿಯಾಯಿತು. ಸ್ವಾಪ್ ಪಾರ್ಟಿಷನ್ ತೆಗೆದವರು ಈ ಎರಡೂ ಜಾಗ ನೋಡಲೇಬೇಕು.

ಸಂಜೆ ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್ ಕೊಟ್ಟು ನೋಡಿದಾಗ ಸ್ವಾಪ್‌ನಲ್ಲಿ 200 ಎಂಬಿ ಬಳಕೆಯಾಗಿತ್ತು. ಮಾವ ಗಾಬರಿಯಾದರು. ಅದು ಕೆಟ್ಟದ್ದಲ್ಲ, ಬಹಳ ಹೊತ್ತು ಮುಟ್ಟದೇ ಇದ್ದದ್ದನ್ನು ಕರ್ನಲ್ ಆಚೆ ಇಟ್ಟಿದೆ ಅಷ್ಟೆ. ವಿಎಂಸ್ಟ್ಯಾಟ್ ಕಮಾಂಡಿನಲ್ಲಿ ಎಸ್‌ಐ, ಎಸ್‌ಒ ಕಾಲಂಗಳು (ಸ್ವಾಪ್‌ನಿಂದ ಒಳಗೆ ಬಂದದ್ದು, ಸ್ವಾಪ್‌ಗೆ ಹೊರಗೆ ಹೋದದ್ದು) ಒಂದೇ ಸಮನೆ ಓಡುತ್ತಿದ್ದರೆ ಆಗ ಚಿಂತೆ ಮಾಡಬೇಕು. ಅವೆರಡೂ ಸೊನ್ನೆ ಇದ್ದವು.

ಅಡಿಕೆ ಕೊಟ್ಟ ಮೇಲೆ ಎಸ್‌ಎಸ್‌ಡಿ ಹಾಕಿಸುವುದು ಅಂತ ಮಾತಾಗಿದೆ. ಆಗ ಜಿಪಿಟಿ ಮಾಡಿ, ಒಂದೇ ರೂಟ್ ಇಟ್ಟು, ಅದರಲ್ಲೇ ಸ್ವಾಪ್ ಫೈಲ್ ಇಡುತ್ತೇನೆ. ಹಳೆಯ ಬಯಾಸ್ (ಮಷೀನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ಆದ್ದರಿಂದ, ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ಗೆ ಅಂತ 1 ಎಂಬಿಯ ಬಯಾಸ್ ಬೂಟ್ ಪಾರ್ಟಿಷನ್ ಒಂದು ಬಿಡಬೇಕು.