ಕೊರಿಯಾಕ್ಕೆ ಹೋಗುವವರು ಸಿಯೋಲ್ ಬಿಟ್ಟು ಬುಸಾನ್, ಗೋಜೆ ಕಡೆಗೂ ಹೋಗಿ

ದಕ್ಷಿಣ ಕೊರಿಯಾದಲ್ಲಿ ಗಡಿ ನೋಡುವ ಟೂರ್ ಬುಕ್ ಮಾಡುವವರಿಗೆ ಮೊದಲೇ ಒಂದು ಮಾತು: ಜಾಹೀರಾತಿನ ಫೋಟೋ ನೋಡಿ ದುಡ್ಡು ಕಟ್ಟಬೇಡಿ. ನಾವು ಹೋದ ಟೂರಿನ ಜಾಹೀರಾತಿನಲ್ಲಿ ಉತ್ತರ, ದಕ್ಷಿಣ ಕೊರಿಯಾಗಳ ಗಡಿಯ ಮೇಲಿರುವ ಪಾನ್‌ಮುಂಜೋಮ್‌ನ ನೀಲಿ ಶೆಡ್‌ಗಳ ದೊಡ್ಡ ಚಿತ್ರ ಇತ್ತು. ಬಸ್ ಹತ್ತಿದ ಮೇಲೆ ಗೈಡ್ ತಣ್ಣಗೆ ಹೇಳಿದಳು, ಅಲ್ಲಿಗೆ ಹೋಗೋದಿಲ್ಲ ಅಂತ. ಇಮ್ಜಿಂಗಾಕ್ ಪಾರ್ಕ್, ಉತ್ತರ ಕೊರಿಯಾ ಗಡಿಯ ಕೆಳಗೆ ಅಗೆದ ಮೂರನೇ ಸುರಂಗ, ಡೋರಾ ವೀಕ್ಷಣಾಲಯ, ಅಷ್ಟೇ. ವಾಪಸ್ ಬರುವಾಗ ಜಿನ್ಸೆಂಗ್ ಅಂಗಡಿಯೊಂದರಲ್ಲಿ ಇಳಿಸಿ, ಬಾಗಿಲ ಹತ್ತಿರವೇ ನಿಂತು ಮುಕ್ಕಾಲು ಗಂಟೆ ಕಾಯಿಸಿದರು. ಸುರಂಗದಲ್ಲಿ ಕೊಟ್ಟ ಸಮಯ ಅದಕ್ಕಿಂತ ಕಡಿಮೆ.

ನಮಗೆ ಹೊಟ್ಟೆ ಉರಿದದ್ದಕ್ಕೆ ಕಾರಣ ಇದೆ. ಜೊತೆಗಿದ್ದ ಗೆಳೆಯ ಮಡಿಕೇರಿಯವನು. 1950ರಲ್ಲಿ ಶುರುವಾದ ಕೊರಿಯಾ ಯುದ್ಧ 1953ರ ಜುಲೈ 27ರ ಕದನವಿರಾಮದಿಂದ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸುಮಾರು 22,000 ಕೈದಿಗಳನ್ನು ಏನು ಮಾಡುವುದು ಅನ್ನೋ ಹಳೆಯ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ಬಗೆಹರಿಸಲು ಐದು ದೇಶಗಳ ಆಯೋಗ ರಚಿಸಿದರು. ಅದರ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಪಾನ್‌ಮುಂಜೋಮ್ ಹತ್ತಿರದ ಆ ಬಯಲಿನಲ್ಲಿ ಭಾರತದ ಸೈನಿಕರು ತಿಂಗಳುಗಟ್ಟಲೆ ಆ ಕೈದಿಗಳನ್ನು ಕಾದರು. ಎರಡೂ ಕೊರಿಯಾ ಬೇಡ, ಚೀನಾನೂ ಬೇಡ ಅಂದ 88 ಜನ 1954ರಲ್ಲಿ ನಮ್ಮವರ ಜೊತೆಗೇ ಹಡಗು ಹತ್ತಿ ಭಾರತಕ್ಕೆ ಬಂದರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ಅದನ್ನು ನೋಡಿ ಬೆಳೆದವನಿಗೆ ಈ ಜಾಗ ಸುಮ್ನೆ ಸೆಲ್ಫಿ ಪಾಯಿಂಟ್ ಅಲ್ಲ.

2023ರ ಜುಲೈನಲ್ಲಿ ಅಮೆರಿಕದ ಸೈನಿಕನೊಬ್ಬ ಟೂರ್ ಮಧ್ಯೆಯೇ ಗಡಿ ದಾಟಿ ಉತ್ತರಕ್ಕೆ ಓಡಿಹೋದ. ಆಗ ಪಾನ್‌ಮುಂಜೋಮ್ ಪ್ರವಾಸ ನಿಲ್ಲಿಸಿದರು. ಹಾಗಾಗಿ ಬುಕ್ ಮಾಡುವ ಮೊದಲು 'ಜೆಎಸ್‌ಎ (ಪಾನ್‌ಮುಂಜೋಮ್‌ನ ಜಂಟಿ ಭದ್ರತಾ ವಲಯ) ಒಳಗೆ ಹೋಗುತ್ತೀರಾ, ಮಧ್ಯೆ ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ' ಅಂತ ಎರಡೇ ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಸುರಂಗದ ಇಳಿಜಾರು ಕಡಿದು, ಮಂಡಿ ನೋವಿದ್ದವರು ಮೇಲೆಯೇ ಕೂತಿರುವುದು ವಾಸಿ.

ಸಿಯೋಲ್ ಬಗ್ಗೆ ನಾನು ಜಾಸ್ತಿ ಬರೆಯೋದಿಲ್ಲ. ಜನಜಂಗುಳಿ ನನಗೆ ಆಗೋದಿಲ್ಲ. ದೇಶದ ಜನಸಂಖ್ಯೆ ಐದು ಕೋಟಿ ಚಿಲ್ಲರೆ. ಅದರಲ್ಲಿ ಅರ್ಧದಷ್ಟು ಜನ ಸಿಯೋಲ್, ಇಂಚೋನ್, ಗ್ಯೊಂಗಿ ಈ ಒಂದೇ ಮೂಲೆಯಲ್ಲಿ ತುಂಬಿಕೊಂಡಿದ್ದಾರೆ. ಬೆಳಿಗ್ಗೆ ಎಂಟರ ಮೆಟ್ರೋ ಹತ್ತಿದರೆ ಆ ಲೆಕ್ಕ ತಾನಾಗೇ ಅರ್ಥ ಆಗುತ್ತದೆ. ರೂಮ್ ಬಾಡಿಗೆಯೂ ಹಾಗೇ. ಹೋಂಗ್‌ದೇ ಕಡೆ ನಮಗೆ ಸಿಕ್ಕಿದ್ದು ಕಿಟಕಿಯೇ ಇಲ್ಲದ ಗೂಡು, ಸೂಟ್‌ಕೇಸ್ ತೆರೆಯಲು ಮಂಚದ ಮೇಲೇ ಇಡಬೇಕು. ಅದೇ ದುಡ್ಡಿಗೆ ಬುಸಾನ್‌ನಲ್ಲಿ ಕಿಟಕಿ ತೆರೆದರೆ ಬಂದರು ಕಾಣುವ ರೂಮ್ ಸಿಕ್ಕಿತು.

ಸಿಯೋಲ್‌ನಿಂದ ಕೆಟಿಎಕ್ಸ್ ಅನ್ನುವ ವೇಗದ ರೈಲಿನಲ್ಲಿ ಬುಸಾನ್‌ಗೆ ಎರಡೂವರೆ ಗಂಟೆಯ ಮೇಲೆ ಸ್ವಲ್ಪ. ಟಿಕೆಟ್ 60,000 ವೋನ್ ಹತ್ತಿರ. 1,000 ವೋನ್ ಅಂದರೆ ಸುಮಾರು 60 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ದಾರಿ ಹುಡುಕಲು ನೇವರ್ ಮ್ಯಾಪ್ ಹಾಕಿಕೊಂಡೇ ವಿಮಾನ ಹತ್ತಿ. ಅಲ್ಲಿಯ ಸರ್ಕಾರ ಭದ್ರತೆಯ ಕಾರಣಕ್ಕೆ ವಿವರವಾದ ನಕ್ಷೆಯನ್ನು ದೇಶದಿಂದ ಹೊರಗೆ ಕೊಡಲು ವರ್ಷಾನುಗಟ್ಟಲೆ ಒಪ್ಪಿರಲಿಲ್ಲ. ಹಾಗಾಗಿ ನಾವು ಹೋದಾಗ ಗೂಗಲ್ ಮ್ಯಾಪ್ ನಡೆಯುವ ದಾರಿ ತೋರಿಸಲೇ ಇಲ್ಲ.

ಬುಸಾನ್ ಯುದ್ಧಕಾಲದ ತಾತ್ಕಾಲಿಕ ರಾಜಧಾನಿ. ಉತ್ತರದಿಂದ ಓಡಿಬಂದ ಲಕ್ಷಾಂತರ ಜನ ಇಲ್ಲಿಯ ಗುಡ್ಡಗಳ ಮೇಲೆ ಹಲಗೆ, ತಗಡು ಸಿಕ್ಕಿದ್ದರಲ್ಲಿ ಗುಡಿಸಲು ಹಾಕಿಕೊಂಡರು. ಅಮಿದೋಂಗ್ ಅನ್ನುವ ಕಡೆ ಜಪಾನೀಯರ ಹಳೆ ಸ್ಮಶಾನದ ಮೇಲೇ ಮನೆ ಕಟ್ಟಿದರು. ಸಮಾಧಿಯ ಕಲ್ಲುಗಳು ಇವತ್ತಿಗೂ ಮೆಟ್ಟಿಲಲ್ಲಿ, ಗೋಡೆಯ ಬುಡದಲ್ಲಿ ಕಾಣುತ್ತವೆ. ಎಲ್ಲರೂ ಬಣ್ಣ ಹೊಡೆದ ಗಮ್‌ಚೋನ್ ಹಳ್ಳಿಗೆ ಹೋಗಿ ಫೋಟೋಗೆ ಕ್ಯೂ ನಿಲ್ಲುತ್ತಾರೆ. ನೀವು ಅಮಿದೋಂಗ್‌ಗೆ ಹೋಗಿ. ಆದರೆ ಅಲ್ಲಿ ಜನ ವಾಸ ಇದ್ದಾರೆ, ಗಲಾಟೆ ಮಾಡಬೇಡಿ.

ಈಗ ಊಟ. ಬುಪ್ಯೋಂಗ್ ಕಾಂಗ್‌ತೋಂಗ್ ಮಾರ್ಕೆಟ್‌ನಲ್ಲಿ ಬಿಬಿಮ್ ದಂಗ್‌ಮ್ಯೋನ್ ಮಾಡುವ ಪುಟ್ಟ ಅಂಗಡಿಗಳಿವೆ. ನಾವು ಕೂತಿದ್ದು ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಅಂಗಡಿ: ಒಂದು ಕಟ್ಟೆ, ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಸಿಹಿಗೆಣಸಿನ ಪಿಷ್ಟದ ಒಣ ನೂಡಲ್ಸ್ ಮೊದಲೇ ನೆನೆಸಿಟ್ಟಿರುತ್ತಾರೆ. ಕೇಳಿದ ತಕ್ಷಣ ಒಂದು ಹಿಡಿ ಜಾಲರಿಗೆ ಹಾಕಿ, ಕುದಿಯುವ ನೀರಲ್ಲಿ ಎರಡು ಸಲ ಮುಳುಗಿಸಿ, ನೀರು ಝಾಡಿಸಿ ಬಟ್ಟಲಿಗೆ. ಮೇಲೆ ಬೇಯಿಸಿದ ಪಾಲಕ್, ಉದ್ದಕ್ಕೆ ಹೆಚ್ಚಿದ ಹಳದಿ ಮೂಲಂಗಿ ಉಪ್ಪಿನಕಾಯಿ, ಮೀನಿನ ಹಿಟ್ಟಿನ ಓಮುಕ್ ಪಟ್ಟಿಗಳು, ಒಂದು ಚಮಚ ಕೆಂಪು ಖಾರ, ಎಳ್ಳೆಣ್ಣೆ. ನಾನು ಫೋನಿನಲ್ಲಿ ಕೊರಿಯನ್‌ನಲ್ಲಿ 'ಮಾಂಸ, ಮೀನು ಬೇಡ' ಅಂತ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ಓದಿ, ಓಮುಕ್ ಡಬ್ಬ ಪಕ್ಕಕ್ಕೆ ಸರಿಸಿ, ಅದರ ಬದಲು ಪಾಲಕ್ ಎರಡರಷ್ಟು ಹಾಕಿದರು. ಖಾರ ಮೊದಲು ಸಿಹಿ ಅನಿಸಿ ಆಮೇಲೆ ಕಿವಿವರೆಗೂ ಏರುತ್ತದೆ. ಪಾನ್‌ಮುಂಜೋಮ್ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಇಬ್ಬರಿಗೂ ಸೇರಿ 10,000 ವೋನ್ ಒಳಗೇ ಆಯಿತು. ನಮ್ಮ ಗೆಳೆಯನಿಗೆ ಪಕ್ಕದಲ್ಲೇ ಹಂದಿಮಾಂಸದ ಗುಕ್‌ಬಾಪ್ (ಸಾರನ್ನ) ಇದ್ದರೂ ಮರುದಿನ ಅವನೇ 'ಅಜ್ಜಿ ಹತ್ರ ಹೋಗೋಣ' ಅಂದ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ತಿಳಿದಿರಲಿ, ಪಕ್ಕದಲ್ಲಿ ಕೊಡುವ ಬಿಸಿ ಸಾರು ಸಾಮಾನ್ಯವಾಗಿ ಒಣ ಮೀನಿನದು.

ಆ ವಯಸ್ಸಿನಲ್ಲಿ ಯಾಕೆ ದುಡಿಯುತ್ತಾರೆ ಅಂತ ಕೇಳಬಹುದು. ಹೊಳೆಯುವ ಈ ದೇಶದಲ್ಲಿ ಮುದುಕರ ಬಡತನ ಶ್ರೀಮಂತ ದೇಶಗಳ ಪಟ್ಟಿಯಲ್ಲೇ ಅತಿ ಹೆಚ್ಚು. ದೇಶ ಕಟ್ಟಿದ ತಲೆಮಾರಿಗೆ ಪಿಂಚಣಿ ಸಿಕ್ಕಿದ್ದು ತಡವಾಗಿ, ಸಿಕ್ಕಿದ್ದೂ ಅಲ್ಪ. ಬುಸಾನ್ ಗುಡ್ಡದ ರಸ್ತೆಗಳಲ್ಲಿ ಅಜ್ಜ ಅಜ್ಜಿಯರು ರಟ್ಟಿನ ಪೆಟ್ಟಿಗೆಗಳನ್ನು ಕೈಗಾಡಿಯಲ್ಲಿ ತಮ್ಮ ಎತ್ತರಕ್ಕಿಂತ ಮೇಲೆ ಪೇರಿಸಿ ಎಳೆಯುವುದು ನೋಡಿದೆ. ನನಗೆ ಆ ದಿನ ಬೇರೇನೂ ನೋಡಲು ಮನಸ್ಸಾಗಲಿಲ್ಲ. ದಯವಿಟ್ಟು ಅವರ ಫೋಟೋ ತೆಗೆಯಬೇಡಿ. ಇಂಥ ಅಂಗಡಿಗಳಲ್ಲಿ ಕೂತು ಊಟ ಮಾಡಿ, ಚೌಕಾಸಿ ಮಾಡಬೇಡಿ.

ಬುಸಾನ್‌ನ ತೇಜೋಂಗ್‌ದೇ ಕಡೆ ಹೋದರೆ, ಯುದ್ಧಕಾಲದಲ್ಲಿ ವೈದ್ಯರನ್ನು ಕಳಿಸಿದ ದೇಶಗಳ ಸ್ಮಾರಕ ಇದೆ. ಅದರಲ್ಲಿ ಭಾರತದ ಹೆಸರೂ ಇದೆ. ನಮ್ಮ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರಲ್ಲಿ ಬಂದಿತ್ತು.

ಬುಸಾನ್‌ನ ಸಸಾಂಗ್ ಬಸ್ ನಿಲ್ದಾಣದಿಂದ ಗೋಜೆ ದ್ವೀಪದ ಗೋಹ್ಯೋನ್‌ಗೆ ಒಂದೂಕಾಲು ಗಂಟೆಯ ಆಸುಪಾಸು. 2010ರಲ್ಲಿ ಸಮುದ್ರದ ಮೇಲೆ ಸೇತುವೆ, ಕೆಳಗೆ ಸುರಂಗ ಆದ ಮೇಲೆ ದಾರಿ ಹತ್ತಿರವಾಗಿದೆ. ಪ್ಯಾಕೇಜ್ ಟೂರ್‌ನವರು ಇಲ್ಲಿಗೆ ಬರೋದು ಕಡಿಮೆ. ನನ್ನ ಪ್ರಕಾರ ಕೊರಿಯಾ ಅರ್ಥ ಆಗಬೇಕಾದರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ ಯುದ್ಧಕೈದಿಗಳ ಶಿಬಿರದ ಪಾರ್ಕ್ ಇದೆ. ಇಲ್ಲಿ ಲಕ್ಷದ ಎಪ್ಪತ್ತು ಸಾವಿರದಷ್ಟು ಕೈದಿಗಳಿದ್ದರು. ಶಿಬಿರದ ಒಳಗೇ ಕಮ್ಯುನಿಸ್ಟರು, ಅವರ ವಿರೋಧಿಗಳು ಒಬ್ಬರನ್ನೊಬ್ಬರು ಕೊಂದರು. 1952ರ ಮೇನಲ್ಲಿ ಕೈದಿಗಳು ಶಿಬಿರದ ಅಮೆರಿಕನ್ ಮುಖ್ಯಸ್ಥ ಜನರಲ್ ಡಾಡ್‌ನನ್ನೇ ಹಿಡಿದಿಟ್ಟುಕೊಂಡರು. ಗೊಂಬೆಗಳು, ಸ್ಪೀಕರ್‌ನ ಗುಂಡಿನ ಸದ್ದು ಎಲ್ಲ ಬಿಟ್ಟು ನೇರ ಹಿಂದಕ್ಕೆ ಹೋಗಿ. ಅಸಲಿ ಕಲ್ಲುಗೋಡೆಗಳು ಅಲ್ಲಿ ಉಳಿದಿವೆ. ತಿಮ್ಮಯ್ಯನವರ ಮುಂದೆ ಬಂದು ನಿಂತ ಕಗ್ಗಂಟು ಹುಟ್ಟಿದ್ದು ಇಂಥ ಗೋಡೆಗಳ ಮಧ್ಯೆ ಅಂತ ಗೆಳೆಯ ತುಂಬಾ ಹೊತ್ತು ಅಲ್ಲೇ ನಿಂತಿದ್ದ.

ಅದೇ ಊರಿನಲ್ಲಿ ತಲೆ ಎತ್ತಿದರೆ ಹಡಗುಕಟ್ಟೆಯ ಕ್ರೇನ್‌ಗಳು. ಗೋಹ್ಯೋನ್‌ನಲ್ಲಿ ಸ್ಯಾಮ್‌ಸಂಗ್, ಓಕ್ಪೋದಲ್ಲಿ ಹಿಂದೆ ದೇವೂ ಆಗಿದ್ದ ಈಗಿನ ಹನ್ವಾ. 1950ರ ಡಿಸೆಂಬರ್‌ನಲ್ಲಿ ಒಂದೇ ಸರಕು ಹಡಗಿನಲ್ಲಿ 14,000 ನಿರಾಶ್ರಿತರು ಬಂದಿಳಿದ ದ್ವೀಪ ಇದು. ಆಗಿನ ಸರ್ವಾಧಿಕಾರಿ ಅಧ್ಯಕ್ಷ ಪಾರ್ಕ್ ಚುಂಗ್‌ಹೀ ಸರ್ಕಾರ 1973ರಿಂದ ಉಕ್ಕು, ಹಡಗು, ರಾಸಾಯನಿಕ ಅಂತ ಭಾರಿ ಉದ್ಯಮಕ್ಕೆ ದುಡ್ಡು ಸುರಿದ ಮೇಲೆ ಮೀನುಗಾರರ ಊರು ಹಡಗು ಕಟ್ಟುವವರ ಊರಾಯಿತು. ಅದಕ್ಕೆ ಬೆಲೆ ತೆತ್ತವರು ಕೂಲಿ ಕಾರ್ಮಿಕರು, ಆಗ ಸ್ವತಂತ್ರ ಸಂಘ ಕಟ್ಟಿ ಹೋರಾಡಿದವರಿಗೆ ಜೈಲಿನ ಭಯ ಇತ್ತು. 2015ರ ಸುಮಾರಿಗೆ ಆರ್ಡರ್ ಕುಸಿದು ಸಾವಿರಾರು ಜನ ಕೆಲಸ ಕಳೆದುಕೊಂಡರು. ಈಗ ಆರ್ಡರ್ ಇದೆ, ಕೆಲಸಕ್ಕೆ ಕೊರಿಯನ್ ಹುಡುಗರು ಸಾಲದು. ಸಂಜೆ ಶಿಫ್ಟ್ ಬಿಟ್ಟಾಗ ವಿಯೆಟ್ನಾಂ, ನೇಪಾಳದ ಹುಡುಗರು ಸೈಕಲ್‌ನಲ್ಲಿ ಬರುತ್ತಾರೆ. ಓಕ್ಪೋ ರಸ್ತೆಯಲ್ಲಿ ನೇಪಾಳಿ ಹುಡುಗನೊಬ್ಬ ನಮ್ಮನ್ನು ನೋಡಿ ತಾನೇ ಹಿಂದಿಯಲ್ಲಿ ಮಾತಾಡಿಸಿದ.

ಇನ್ನು ಬಸ್ ಕಥೆ. ಗೋಹ್ಯೋನ್‌ನಿಂದ ದ್ವೀಪದ ದಕ್ಷಿಣ ತುದಿಯ ಗಾಳಿಗುಡ್ಡಕ್ಕೆ ಹೋಗುವ ಸಿಟಿ ಬಸ್ ದಿನಕ್ಕೆ ಬೆರಳೆಣಿಕೆ. ಹೋಗುವಾಗ ಸಿಕ್ಕಿತು. ಬರುವಾಗ ವೇಳಾಪಟ್ಟಿಯಲ್ಲಿದ್ದ ಬಸ್ ಬರಲೇ ಇಲ್ಲ. ಮುಂದಿನದಕ್ಕೆ ಎರಡು ಗಂಟೆ, ನೆರಳಿಲ್ಲ, ಅಂಗಡಿ ಮುಚ್ಚಿತ್ತು. ಬಂದ ಬಸ್ಸಿನಲ್ಲಿ ಅರವತ್ತರ ಒಳಗಿನವರು ಡ್ರೈವರ್ ಬಿಟ್ಟರೆ ನಾವಿಬ್ಬರೇ. ಅಜ್ಜಿಯರು ಬೆಳ್ಳುಳ್ಳಿ ಗಂಟು ಇಟ್ಟುಕೊಂಡು ಕೂತಿದ್ದರು. ಡ್ರೈವರ್ ತಿರುವಿನಲ್ಲೂ ಬ್ರೇಕ್ ಒತ್ತಲಿಲ್ಲ. ಸಿಟ್ಟು ಬಂದರೂ ಕಾರಣ ಗೊತ್ತಾಯಿತು. ಹತ್ತುವವರೇ ಇಲ್ಲದ ಕಡೆ ಬಸ್ ಎಷ್ಟು ಓಡಿಸುತ್ತಾರೆ? 2023ರಲ್ಲಿ ಇಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು, ಮರುವರ್ಷ 0.75. ಜನಸಂಖ್ಯೆ ನಿಲ್ಲಬೇಕಾದರೆ 2.1 ಬೇಕು. 2024ರ ಕೊನೆಗೆ ಐವರಲ್ಲಿ ಒಬ್ಬರು 65 ದಾಟಿದವರು. ಒಂದು ಕಾಲಕ್ಕೆ 38 ಲಕ್ಷ ದಾಟಿದ್ದ ಬುಸಾನ್‌ನಲ್ಲೇ ಈಗ 33 ಲಕ್ಷಕ್ಕಿಂತ ಕಡಿಮೆ ಜನ. ಮಕ್ಕಳು ಓದಿಗೆ, ಕೆಲಸಕ್ಕೆ ಸಿಯೋಲ್ ಸೇರುತ್ತಾರೆ. ಅಲ್ಲಿಯ ಮನೆ ಬೆಲೆ ನೋಡಿ ಮದುವೆ, ಮಗು ಎರಡನ್ನೂ ಮುಂದೂಡುತ್ತಾರೆ.

ಹಾಗಾಗಿ ಗೋಜೆಯಲ್ಲಿ ಗೋಹ್ಯೋನ್, ಓಕ್ಪೋ ಬಿಟ್ಟು ಆಚೆ ಹೋಗುವುದಾದರೆ ಮೂರು ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಿ. ವಾಪಸ್ ಬರುವ ಮಾತೂ ಮೊದಲೇ ಆಡಿಕೊಳ್ಳಿ. ಬಸ್, ಮೆಟ್ರೋಗೆ ಬಳಸುವ ಟಿ-ಮನಿ ಕಾರ್ಡ್‌ಗೆ ನೋಟು ಕೊಟ್ಟೇ ಹಣ ತುಂಬಿಸಬೇಕಾಗಬಹುದು, ಕೈಯಲ್ಲಿ ಸ್ವಲ್ಪ ನಗದು ಇರಲಿ. ಚೂಸೋಕ್ (ಸುಗ್ಗಿ ಹಬ್ಬ), ಸೊಲ್ಲಾಲ್ (ಚಾಂದ್ರಮಾನ ಹೊಸವರ್ಷ) ಹಬ್ಬದ ವಾರ ಬೇಡವೇ ಬೇಡ. ರೈಲು ಟಿಕೆಟ್ ಸಿಗೋದಿಲ್ಲ, ಸಣ್ಣ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಆ ಅಜ್ಜಿಯ ಅಂಗಡಿಗೆ ಮಧ್ಯಾಹ್ನ ಹನ್ನೆರಡರ ಒಳಗೇ ಹೋಗಿ, ಆಮೇಲೆ ಸ್ಟೂಲು ಸಿಗೋದು ಕಷ್ಟ.