ಮೆಷಿನ್ ಬರಲಿಲ್ಲ

18 ನವೆಂಬರ್ 2024, ಸೋಮವಾರ. ತೀರ್ಥಹಳ್ಳಿ

ಇಂದು ಮೂರು ಗಂಟೆಯ ಮೀಟಿಂಗಿಗೆ ನಾನು ಹಾಜರಿರಲಿಲ್ಲ. ನೆಟ್‌ವರ್ಕ್ ಇರಲಿಲ್ಲ ಎಂದು ಸುಳ್ಳು ಹೇಳಿದ್ದೇನೆ. ಆ ಹೊತ್ತಿನಲ್ಲಿ ಚಿಕ್ಕಪ್ಪನ ಅಂಗಳದಲ್ಲಿ, ಅಡಿಕೆ ರಾಶಿಯ ಪಕ್ಕ ಮಣೆ ಹಾಕಿಕೊಂಡು ಕುಳಿತು, ಕೃಷಿ ಯಂತ್ರಗಳನ್ನು ಬಾಡಿಗೆಗೆ ಬುಕ್ ಮಾಡಲು ನಾನೇ ಮಾಡಿದ ಆ್ಯಪಿನ ಪರವಾಗಿ ಬೈಸಿಕೊಳ್ಳುತ್ತಿದ್ದೆ.

ಅಡಿಕೆ ಗೊನೆಗಳ ಕೊಯ್ಲು ಶನಿವಾರವೇ ಮುಗಿದಿತ್ತು. ಸುಲಿಯುವ ಮೆಷಿನ್ ಭಾನುವಾರ ಬೆಳಿಗ್ಗೆಗೆ ಬರಲೆಂದು ಮುಂದೆ ನಿಂತು ಬುಕ್ ಮಾಡಿಸಿದವನು ನಾನು. ‘ಬಾಡಿಗೆಗೆ ಹತ್ತು ಜನರಿಗೆ ಫೋನ್ ಮಾಡಿ ಗೋಗರೆಯುವ ಕಾಲ ಹೋಯಿತು’ ಎಂದು ಜಂಬ ಕೊಚ್ಚಿದ್ದೂ ನಾನೇ. ಭಾನುವಾರ ಹತ್ತು ಗಂಟೆಗೆ ಮೊಬೈಲ್ ಟಿಣ್ ಎಂದಿತು. ‘ನಿಮ್ಮ ಬುಕಿಂಗ್ ರದ್ದಾಗಿದೆ. ಮುಂಗಡ ಹಣ 5ರಿಂದ 7 ಕೆಲಸದ ದಿನಗಳಲ್ಲಿ ಖಾತೆ ಸೇರಲಿದೆ.’ ಕೊನೆಗೊಂದು ನಗುಮುಖ. ಅದು ಇರಲೇಬೇಕೆಂದು ವಾದಿಸಿದವರು ಯಾರೆಂದು ಇಲ್ಲಿ ಬರೆಯುವುದಿಲ್ಲ.

ಚಿಕ್ಕಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ‘ಏಳು ದಿನಕ್ಕೆ ದುಡ್ಡು ಬರುತ್ತದೆ, ಸರಿ. ಅಲ್ಲಿಯವರೆಗೆ ಈ ಅಡಿಕೆಗೆ ಏನು ಹೇಳಲಿ?’ ಎಂದರು.

ಇಲ್ಲಿ ಓದುವವರಿಗೆ ಇದನ್ನು ವಿವರಿಸಬೇಕಿಲ್ಲ. ಹಸಿ ಅಡಿಕೆಯ ಸಿಪ್ಪೆ ಬಾಡಿದರೆ ಸುಲಿಯುವವರ ಗೋಳು, ಸುಲಿದದ್ದನ್ನು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಬೇಯಿಸುವ ಅವಸರ, ಆಮೇಲೆ ಬಿಸಿಲಿನ ಲೆಕ್ಕಾಚಾರ. ಒಂದು ತಪ್ಪಿದರೆ ಸಾಲಾಗಿ ಎಲ್ಲವೂ ತಪ್ಪುತ್ತದೆ. ಮೀಟಿಂಗಿನಲ್ಲಿ ಕೂರುವವರಿಗೆ ಮಾತ್ರ ಹೇಳಬೇಕು. ಅವರ ಲೆಕ್ಕದಲ್ಲಿ ಹಣ ವಾಪಸಾದರೆ ದೂರು ಮುಗಿಯಿತು. ಮೊನ್ನೆಯವರೆಗೆ ನನ್ನ ಲೆಕ್ಕವೂ ಅದೇ.

ಮಧ್ಯಾಹ್ನ ಬೈಕಿನಲ್ಲಿ ಒಬ್ಬರು ಬಂದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಎರವಲು ಒಯ್ದಿದ್ದ ಪೈಪಿನ ಸುರುಳಿಯನ್ನು ಹಿಂದಿರುಗಿಸಲು ಬಂದಿದ್ದರು. ಅಂಗಳದ ರಾಶಿ ನೋಡಿ, ‘ಇನ್ನೂ ಸುಲಿಸಿಲ್ಲವೇ?’ ಎಂದರು. ಚಿಕ್ಕಪ್ಪ ನಡೆದದ್ದನ್ನೆಲ್ಲ ಹೇಳಿದರು. ಕೇಳುತ್ತ ಕೇಳುತ್ತ ಆ ಮನುಷ್ಯನ ಮುಖ ಸಣ್ಣದಾಯಿತು. ‘ಅಯ್ಯೋ, ಅದು ನೀವೇ? ನನಗೆ ಗ್ರಾಹಕ 4417 ಎಂದಷ್ಟೇ ತೋರಿಸಿತು.’

ಮೆಷಿನ್ ಅವರದ್ದೇ. ಇಪ್ಪತ್ತು ವರ್ಷದ ಪರಿಚಯ, ಇಬ್ಬರ ಮನೆಯ ಮದುವೆಗಳಲ್ಲೂ ಇಬ್ಬರೂ ಬಡಿಸಿದವರು. ಭಾನುವಾರ ಹಿಂದಿನ ಗಿರಾಕಿಯ ಮನೆಯಲ್ಲಿ ಕರೆಂಟ್ ಹೋಗಿ ಕೆಲಸ ಅರ್ಧಕ್ಕೇ ನಿಂತಿತ್ತು. ಸಂಜೆಗೆ ಖಂಡಿತ ಬರುತ್ತಿದ್ದರಂತೆ. ಆದರೆ ಅವರ ಪರದೆಯ ಮೇಲೆ ಇದ್ದದ್ದು ಎರಡೇ ಗುಂಡಿ, ‘ಬರುತ್ತೇನೆ’ ಮತ್ತು ‘ರದ್ದು’. ‘ತಡವಾಗುತ್ತದೆ’ ಎಂದು ಹೇಳಲು ಜಾಗವೇ ಇಲ್ಲ. ಪಾಪ, ಕರೆಯನ್ನೂ ಮಾಡಿದ್ದಾರೆ, ಮೂರು ಸಲ. ಗ್ರಾಹಕರ ನಂಬರ್ ಯಾರಿಗೂ ಸಿಗಬಾರದೆಂದು ನಾವು ಕರೆಯನ್ನು ಬೇರೊಂದು ನಂಬರಿನಿಂದ ಹಾಯಿಸುತ್ತೇವೆ. ಗೊತ್ತಿಲ್ಲದ ನಂಬರ್ ಎತ್ತಬೇಡಿ, ಬ್ಯಾಂಕ್ ಹಣ ದೋಚುತ್ತಾರೆ ಎಂದು ಚಿಕ್ಕಪ್ಪನಿಗೆ ಹೇಳಿಕೊಟ್ಟವನು... ಹೌದು, ಅದೂ ನಾನೇ.

ಇಬ್ಬರೂ ನನ್ನ ಕಡೆ ನೋಡಿದರು. ಆಮೇಲೆ ನಕ್ಕರು. ನನಗೆ ನಗು ಬರಲಿಲ್ಲ.

2014-15ರಲ್ಲಿ ರೈತರಿಗೆ ಯಂತ್ರ ಬಾಡಿಗೆಗೆ ಕೊಡುವ ಸರ್ಕಾರದ ಕೃಷಿ ಯಂತ್ರಧಾರೆ ಯೋಜನೆ ಬಂದಾಗಲೂ ಚಿಕ್ಕಪ್ಪ ಬಾಡಿಗೆ ಎಷ್ಟೆಂದು ಮೊದಲು ಕೇಳಿರಲಿಲ್ಲ, ‘ಕೊಡುವವರು ಯಾರು?’ ಎಂದು ಕೇಳಿದ್ದರು. ಆಗ ಅದನ್ನು ಹಳೆಯ ಕಾಲದವರ ಚಾಳಿ ಎಂದುಕೊಂಡಿದ್ದೆ.

ಇನ್ನೊಂದು. ಚಿಕ್ಕಪ್ಪ ಆ್ಯಪಿನಲ್ಲಿ ಹುಡುಕುವುದನ್ನು ಇಂದು ಮೊದಲ ಬಾರಿ ಸುಮ್ಮನೆ ಕುಳಿತು ನೋಡಿದೆ. ‘ಅಡಿಕೆ ಮೆಷಿನ್’ ಎಂದು ಮೊಬೈಲಿಗೆ ಹೇಳಿದರು. ಫಲಿತಾಂಶ ಶೂನ್ಯ. ನಮ್ಮ ಪಟ್ಟಿಯಲ್ಲಿ ಅದರ ಹೆಸರು ‘ಅಡಿಕೆ ಸಿಪ್ಪೆ ಬೇರ್ಪಡಿಸುವ ಯಂತ್ರ’. ಆ ಅನುವಾದ ಮಾಡಿದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ಆಮೇಲೆ ಬೆರಳು. ಅಡಿಕೆಯ ಕರೆ ಹತ್ತಿ ಕಪ್ಪಾದ, ಒರಟಾದ ತೋರುಬೆರಳು. ಒಂದು ಸಲ ಒತ್ತಿದರೆ ಪರದೆ ಸುಮ್ಮನಿರುತ್ತದೆ, ಎರಡನೆಯ ಸಲಕ್ಕೆ ಪಕ್ಕದ ಗುಂಡಿ ತೆರೆಯುತ್ತದೆ. ಆಂಡ್ರಾಯ್ಡ್ ಸೂಚನೆಯಂತೆ ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಇರಬೇಕು, ನಾವು ಅಷ್ಟೇ ಇಟ್ಟಿದ್ದೇವೆ. ಕನಿಷ್ಠವನ್ನು ಮಾತ್ರ ಎಂಥ ಶ್ರದ್ಧೆಯಿಂದ ಪಾಲಿಸುತ್ತೇವೆ!

ಮೆಷಿನ್ ನಾಳೆ ಬೆಳಿಗ್ಗೆ ಬರುತ್ತದೆ. ಬುಕಿಂಗ್ ಇಲ್ಲ, ಬಾಯಿಮಾತು. ಅಲ್ಲಿಯವರೆಗೆ ಆದಷ್ಟಾಗಲಿ ಎಂದು ಅಕ್ಕಪಕ್ಕದ ಮನೆಯವರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದು ಬಂದಿದ್ದರು. ನಾನೂ ಕುಳಿತೆ. ಅವರು ಎರಡು ಡಬ್ಬ ತುಂಬುವಷ್ಟರಲ್ಲಿ ನನ್ನದು ಒಂದು ಬೊಗಸೆ. ಈಗ ಲ್ಯಾಪ್‌ಟಾಪ್ ನನ್ನ ಹೆಬ್ಬೆರಳನ್ನು ಗುರುತಿಸುತ್ತಿಲ್ಲ, ಪಾಸ್‌ವರ್ಡ್ ಹಾಕಿಯೇ ಒಳಗೆ ಬಂದೆ.

‘ತಡವಾಗುತ್ತದೆ’ ಗುಂಡಿಯ ಬಗ್ಗೆ ನಾಳಿನ ಟಿಪ್ಪಣಿಯಲ್ಲಿ ಬರೆಯಬೇಕು. ಎಷ್ಟು ತಡ ಎಂದು ಕೇಳಿದರೆ? ಕರೆಂಟ್ ಬರುವವರೆಗೆ ಎಂಬುದಕ್ಕೆ ಯಾವ ಗಡಿಯಾರ ತೋರಿಸುವುದು, ‘ಕರೆಂಟ್ ಬಂದಮೇಲೆ’ ಎಂದೇ ಬರೆದರೆ ಒಪ್ಪುತ್ತಾರೋ ಇಲ್ಲವೋ... ಚಿಕ್ಕಮ್ಮ ಕರೆಯುತ್ತಿದ್ದಾರೆ, ಹಂಡೆ ಇಳಿಸಬೇಕಂತೆ.