ಸರ್ಕಾರಿ ಕಾರ್ಡಿನಲ್ಲಿ ಕೋಕ್ ಯಾಕೆ?

"ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಅವರಿಗೆ ಕೋಕ್, ಚಿಪ್ಸ್ ಯಾಕ್ರೀ ಕೊಡಿಸಬೇಕು?"

ಅಮೆರಿಕದ ಅಯೋವಾ ರಾಜ್ಯದಲ್ಲಿ ಒಂದು ದಿನಸಿ ಅಂಗಡಿಯ ಕ್ಯಾಷ್ ಕೌಂಟರಿನಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೆ ಅಂತ ಗೊತ್ತಾದರೆ ಸಾಕು, ಜನ ಮೊದಲು ಕೇಳುವುದು ಇದನ್ನೇ. ಇಲ್ಲಿನ ಕನ್ನಡದವರು ಊಟಕ್ಕೆ ಸೇರಿದಾಗ ಕೇಳುತ್ತಾರೆ, ಊರಿನಿಂದ ಫೋನ್ ಮಾಡುವ ಚಿಕ್ಕಪ್ಪನೂ ಕೇಳುತ್ತಾರೆ. ಚಿಕ್ಕಪ್ಪನ ಧಾಟಿ ಸ್ವಲ್ಪ ಬೇರೆ: "ಅಲ್ಲಿ ಸರ್ಕಾರ ಬಡವರಿಗೆ ಕಾರ್ಡ್ ಕೊಟ್ರೆ ಅವರು ಅದರಲ್ಲಿ ಚಾಕೊಲೇಟ್ ತಗೋತಾರಂತೆ, ಹೌದೇನೋ?"

ಹೌದು ಚಿಕ್ಕಪ್ಪ, ತಗೋತಾರೆ. ಬ್ರೆಡ್ಡು, ಮೊಟ್ಟೆ, ಹಾಲು, ಮಾಂಸವನ್ನೂ ತಗೋತಾರೆ. ಕೌಂಟರಿಗೆ ಬರುವ ಮುಂಚೆ ನಾನೂ ಇದೇ ಪ್ರಶ್ನೆ ಕೇಳುತ್ತಿದ್ದವನೇ. "ನಿಲ್ಲಿಸಿಬಿಡಬೇಕು" ಅನ್ನುವುದು ನನ್ನ ಉತ್ತರವೂ ಆಗಿತ್ತು.

ಕಾರ್ಡ್ ಏನೆಂದು ಮೊದಲು ಹೇಳಿಬಿಡುತ್ತೇನೆ. ಯೋಜನೆಯ ಹೆಸರು ಸ್ನ್ಯಾಪ್. 2008ರವರೆಗೆ ಫುಡ್ ಸ್ಟ್ಯಾಂಪ್ ಅನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಅನ್ನುತ್ತಾರೆ. ನಮ್ಮ ಕಡೆಯ ರೇಷನ್ ಹಾಗೆ ಅಕ್ಕಿ ಗೋಧಿ ಅಳೆದುಕೊಡುವ ಪದ್ಧತಿ ಇಲ್ಲಿಲ್ಲ. ತಿಂಗಳಿಗೊಮ್ಮೆ ಇಬಿಟಿ ಕಾರ್ಡಿಗೆ ದುಡ್ಡು ಬೀಳುತ್ತದೆ, ಅದನ್ನು ಅಂಗಡಿಯಲ್ಲಿ ಉಜ್ಜಿ ತಿನ್ನುವ ಸಾಮಾನು ತಗೊಳ್ಳಬೇಕು. 2024ರಲ್ಲಿ ತಿಂಗಳಿಗೆ ಸರಾಸರಿ 4.1 ಕೋಟಿಗೂ ಹೆಚ್ಚು ಜನಕ್ಕೆ ಇದು ಸಿಗುತ್ತಿತ್ತು, ತಲೆಗೆ ಸುಮಾರು 187 ಡಾಲರ್. ದಿನಕ್ಕೆ ಲೆಕ್ಕ ಹಾಕಿದರೆ 6 ಡಾಲರ್ ಆಸುಪಾಸು. ಮದ್ಯ, ಸಿಗರೇಟು, ಸೋಪು, ಡೈಪರ್, ವಿಟಮಿನ್ ಮಾತ್ರೆ, ನಾಯಿ ಬೆಕ್ಕಿನ ಆಹಾರ ಇದರಲ್ಲಿ ಬರುವುದಿಲ್ಲ. ಅಂಗಡಿಯವರು ಬಿಸಿಬಿಸಿಯಾಗಿ ಮಾಡಿಟ್ಟ ಅಡುಗೆಯೂ ಬರುವುದಿಲ್ಲ.

ಆ ಕೊನೆಯ ನಿಯಮ ನನಗೆ ಒಂದು ಜನವರಿ ಸಂಜೆ ಸರಿಯಾಗಿ ಅರ್ಥವಾಯಿತು. ಹೊರಗೆ ಹಿಮ. ವೃದ್ಧಾಶ್ರಮದ ಕೆಲಸದ ನೀಲಿ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಹೆಂಗಸು, ಜೊತೆಗೆ ಐದಾರು ವರ್ಷದ ಹುಡುಗ. ಬೆಲ್ಟಿನ ಮೇಲೆ ಹಾಲು, ಬ್ರೆಡ್ಡು, ಬಾಳೆಹಣ್ಣು, ಒಂದು ದೊಡ್ಡ ಬಾಟಲಿ ಪಾಪ್ (ಈ ಕಡೆ ಕೂಲ್ ಡ್ರಿಂಕ್ಸಿಗೆ ಪಾಪ್ ಅನ್ನುತ್ತಾರೆ), ಮತ್ತೆ ಒಳಗೆಲ್ಲ ಆವಿ ಹಿಡಿದ ಚೀಲದಲ್ಲಿ ಇಡಿಯಾಗಿ ಸುಟ್ಟ ಕೋಳಿ. ಕಾರ್ಡ್ ಉಜ್ಜಿದರು. ಎಲ್ಲ ಕಳೆದು ಕೋಳಿಯ ದುಡ್ಡು ಮಾತ್ರ ಪರದೆಯ ಮೇಲೆ ಉಳಿಯಿತು. ಮೆಷಿನ್ ಪಾಪ್ ಒಪ್ಪಿಕೊಂಡಿತ್ತು, ಕೋಳಿ ಒಪ್ಪಲಿಲ್ಲ. ನಾನು ದನಿ ತಗ್ಗಿಸಿ, "ಹಿಂದಿನ ಫ್ರಿಜ್ಜಿನಲ್ಲಿ ನಿನ್ನೆಯ ಕೋಳಿ ತಣ್ಣಗೆ ಮಾಡಿಟ್ಟಿರ್ತಾರೆ, ಅದಾದ್ರೆ ಕಾರ್ಡಲ್ಲಿ ಬರುತ್ತೆ" ಅಂದೆ. ಅವರು ಓಡಿದರು. ಸಾಲಿನಲ್ಲಿ ನಾಲ್ಕು ಜನ, ಒಬ್ಬರು ವಾಚ್ ನೋಡಿಕೊಂಡರು. ಹುಡುಗ ಬಿಸಿ ಕೋಳಿಯ ಚೀಲದ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ, ಅಮ್ಮ ತಣ್ಣನೆಯದನ್ನು ತರುವವರೆಗೂ.

ಅದೇ ಕೋಳಿ, ಅದೇ ಒಲೆ. ವ್ಯತ್ಯಾಸ ಬಿಸಿಯದು ಅಷ್ಟೇ.

ಯಾವ ಸಾಮಾನು ಸರಿ, ಯಾವುದು ತಪ್ಪು ಅಂತ ಸರ್ಕಾರ ಗೆರೆ ಎಳೆಯಲು ಕೂತರೆ ಗೆರೆ ಎಲ್ಲೆಲ್ಲಿಗೋ ಹೋಗುತ್ತದೆ. ಸ್ನ್ಯಾಪ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಗೊಳ್ಳಬಹುದು, ಆದರೆ ಅದರ ಮೇಲಿನ ಗೊಂಬೆ ಗಿಂಬೆಯ ಬೆಲೆ ಒಟ್ಟು ಬೆಲೆಯ ಅರ್ಧ ದಾಟಬಾರದು. ಇದು ನನ್ನ ತಮಾಷೆಯಲ್ಲ, ನಿಯಮದಲ್ಲೇ ಇದೆ. 2004ರಲ್ಲಿ ಮಿನೆಸೋಟ ರಾಜ್ಯ ಕ್ಯಾಂಡಿ ಮತ್ತು ಕೂಲ್ ಡ್ರಿಂಕ್ಸ್ ನಿಲ್ಲಿಸಲು ಅನುಮತಿ ಕೇಳಿತು. ಕ್ಯಾಂಡಿ ಅಂದರೆ ಏನು ಅನ್ನುವ ಪ್ರಶ್ನೆ ಬಂತು. ಅಲ್ಲಿನ ಮಾರಾಟ ತೆರಿಗೆಯ ಲೆಕ್ಕದಲ್ಲಿ ಮೈದಾ ಹಿಟ್ಟು ಬಿದ್ದರೆ ಅದು ಕ್ಯಾಂಡಿ ಅಲ್ಲ. ಹಾಗಾಗಿ ಹರ್ಶೀಸ್ ಚಾಕೊಲೇಟ್ ನಿಷಿದ್ಧ, ಒಳಗೆ ಬಿಸ್ಕತ್ತು ಇರುವ ಕಿಟ್‌ಕ್ಯಾಟ್ ಪಾಸು! ಕೇಂದ್ರದ ಕೃಷಿ ಇಲಾಖೆ ಅರ್ಜಿ ತಿರಸ್ಕರಿಸಿತು. 2010ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಬ್ಲೂಮ್‌ಬರ್ಗ್ ಸಕ್ಕರೆ ಪಾನೀಯಗಳಿಗಷ್ಟೇ ಕೇಳಿದರು, ಮರುವರ್ಷ ಅದಕ್ಕೂ ಇಲ್ಲ ಅಂದರು. ಅಸಲಿಗೆ 1964ರಲ್ಲಿ ಫುಡ್ ಸ್ಟ್ಯಾಂಪ್ ಕಾಯ್ದೆ ತಯಾರಾಗುವಾಗಲೇ ಕೆಳಮನೆಯ ಕರಡಿನಲ್ಲಿ ಕೂಲ್ ಡ್ರಿಂಕ್ಸ್ ಬೇಡ ಅಂತ ಇತ್ತು, ಕೊನೆಗೆ ಬಿಟ್ಟುಹೋಯಿತು. ಚಿಕ್ಕಪ್ಪನ ಪ್ರಶ್ನೆಗೆ ಅರವತ್ತು ದಾಟಿದೆ.

ಇನ್ನು, "ಅವರು" ಮಾತ್ರ ಕುಡಿಯುತ್ತಾರೆ ಅನ್ನುವ ಮಾತು. ಕೃಷಿ ಇಲಾಖೆ 2016ರಲ್ಲಿ ಒಂದು ವರದಿ ಹೊರಡಿಸಿತು. ಒಂದು ದೊಡ್ಡ ಅಂಗಡಿ ಸರಪಳಿಯ 2011ರ ಬಿಲ್ಲುಗಳನ್ನೆಲ್ಲ ಜಾಲಾಡಿ ಮಾಡಿದ್ದು. ಸ್ನ್ಯಾಪ್ ಮನೆಗಳು ದಿನಸಿಗೆ ಮಾಡಿದ ಖರ್ಚಿನಲ್ಲಿ ಕೂಲ್ ಡ್ರಿಂಕ್ಸ್ ಪಾಲು ಶೇ. 5.4. ಕಾರ್ಡ್ ಇಲ್ಲದ ಮನೆಗಳಲ್ಲಿ ಶೇ. 4. ಹೆಚ್ಚು ಹೌದು, ಆದರೆ ಆಕಾಶ ಭೂಮಿಯ ಅಂತರವಲ್ಲ. ಕೌಂಟರಿನಲ್ಲಿ ನಿಂತು ಎರಡು ವರ್ಷ ಎಲ್ಲರ ಬುಟ್ಟಿ ನೋಡಿದ ನನಗೆ ಆ ವರದಿ ಓದಿ ಆಶ್ಚರ್ಯವೇನೂ ಆಗಲಿಲ್ಲ. ಕ್ರೆಡಿಟ್ ಕಾರ್ಡಿನವರ ಬುಟ್ಟಿಯನ್ನು ಹಿಂದಿನವರು ಇಣುಕಿ ನೋಡುವುದಿಲ್ಲ, ಅಷ್ಟೇ ಫರಕು.

ಹಾಗಂತ ನಿರ್ಬಂಧದಿಂದ ಎಲ್ಲೂ ಏನೂ ಆಗಿಲ್ಲ ಅಂದರೆ ಅದು ಸುಳ್ಳು. ಗರ್ಭಿಣಿ, ಬಾಣಂತಿ, ಐದರೊಳಗಿನ ಮಕ್ಕಳಿಗೆ ವಿಕ್ ಅಂತ ಬೇರೆಯೇ ಯೋಜನೆ ಇದೆ. ಅದು ಪಕ್ಕಾ ಪಟ್ಟಿ: ಇಷ್ಟು ಹಾಲು, ಇಷ್ಟು ಮೊಟ್ಟೆ, ಈ ಜಾತಿಯ ಸೀರಿಯಲ್. ಪಾಪ್‌ಗೆ ಜಾಗವೇ ಇಲ್ಲ. 2009ರಲ್ಲಿ ಆ ಪಟ್ಟಿಗೆ ಹಣ್ಣು, ತರಕಾರಿ, ಇಡೀ ಧಾನ್ಯ ಸೇರಿಸಿ, ಜ್ಯೂಸ್ ಕಡಿಮೆ ಮಾಡಿದರು. ಆ ಯೋಜನೆಯಲ್ಲಿದ್ದ 2ರಿಂದ 4 ವರ್ಷದ ಮಕ್ಕಳಲ್ಲಿ ಬೊಜ್ಜು 2010ರಲ್ಲಿ ಶೇ. 15.9 ಇದ್ದದ್ದು 2016ಕ್ಕೆ ಶೇ. 13.9ಕ್ಕೆ ಇಳಿಯಿತು. ಪಟ್ಟಿಯೊಂದರಿಂದಲೇ ಇಳಿಯಿತು ಅಂತ ನಾನು ಹೇಳಲಾರೆ, ಆದರೆ ಈ ವಾದವನ್ನು ನನ್ನ ಮುಂದೆ ಇಟ್ಟವರಿಗೆ ನಾನು ತಲೆದೂಗಿದ್ದೇನೆ. ಒಂದು ಮಾತು ಮಾತ್ರ ಸೇರಿಸುತ್ತೇನೆ: ವಿಕ್ ಹುಟ್ಟಿದ್ದೇ ಇರುವ ಊಟದ ಮೇಲೆ ಪೌಷ್ಟಿಕ ಪದಾರ್ಥ ಸೇರಿಸಲಿಕ್ಕೆ. ಮನೆಯ ಇಡೀ ತಿಂಗಳ ದಿನಸಿ ಅದರ ತಲೆ ಮೇಲಿಲ್ಲ.

ಸ್ನ್ಯಾಪ್ ಇರುವ ಮನೆಗಳಲ್ಲಿ ಹೆಚ್ಚಿನವರು ಕಾರ್ಡಿನ ಜೊತೆಗೆ ಕೈಯಿಂದಲೂ ಹಾಕಿ ಸಾಮಾನು ತರುತ್ತಾರೆ. ಕಾರ್ಡಿನಲ್ಲಿ ಪಾಪ್ ಬರದಿದ್ದರೆ ಕೈದುಡ್ಡಲ್ಲಿ ಪಾಪ್, ಕಾರ್ಡಲ್ಲಿ ಬ್ರೆಡ್ಡು. ಒಂದೇ ಬುಟ್ಟಿ, ಎರಡು ಬಿಲ್ಲು.

ಇದಕ್ಕಿಂತ ನನಗೆ ಹಿಡಿಸಿದ್ದು ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡನ್ ಕೌಂಟಿಯಲ್ಲಿ 2011-12ರಲ್ಲಿ ಮಾಡಿ ನೋಡಿದ ಪ್ರಯೋಗ. ಅಲ್ಲಿ ಯಾರಿಗೂ ಏನನ್ನೂ ಬೇಡ ಅನ್ನಲಿಲ್ಲ. ಕಾರ್ಡಿನಲ್ಲಿ ಒಂದು ಡಾಲರಿನ ಹಣ್ಣು ತರಕಾರಿ ಕೊಂಡರೆ 30 ಸೆಂಟ್ ವಾಪಸ್ ಕಾರ್ಡಿಗೇ ಬೀಳುತ್ತಿತ್ತು. ಚೀಟಿ ಎತ್ತಿ ಆರಿಸಿದ ಮನೆಗಳವರು, ಉಳಿದ ಸ್ನ್ಯಾಪ್ ಮನೆಗಳವರಿಗಿಂತ ಶೇ. 26ರಷ್ಟು ಹೆಚ್ಚು ಹಣ್ಣು ತರಕಾರಿ ತಿಂದರು. ಬಟ್ಟಲಿನ ಲೆಕ್ಕದಲ್ಲಿ ಅದು ದಿನಕ್ಕೆ ಕಾಲು ಬಟ್ಟಲೂ ಪೂರ್ತಿ ಆಗುವುದಿಲ್ಲ, ಕುಣಿದಾಡುವಂಥದ್ದೇನಲ್ಲ. ಮುಂದೆ ಮಿನೆಸೋಟ ವಿಶ್ವವಿದ್ಯಾಲಯದವರು ಒಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿಗೆ ತರಕಾರಿ ಮೇಲೆ ರಿಯಾಯಿತಿ ಮಾತ್ರ, ಇನ್ನೊಂದಕ್ಕೆ ಸಿಹಿ ಪಾನೀಯ, ಕ್ಯಾಂಡಿ, ಕೇಕುಗಳ ನಿಷೇಧ ಮಾತ್ರ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. 2016ರಲ್ಲಿ ಬಂದ ಫಲಿತಾಂಶದಲ್ಲಿ ಊಟದ ಗುಣಮಟ್ಟ ಚೆನ್ನಾಗಿ ಸುಧಾರಿಸಿದ್ದು ಎರಡೂ ಸಿಕ್ಕಿದ ಗುಂಪಿನಲ್ಲಿ.

ನನ್ನ ಉತ್ತರ ಅಲ್ಲಿಂದ ಬಂದದ್ದು. ಸಿಹಿ ಪಾನೀಯ ಕಾರ್ಡಿನಿಂದ ತೆಗೆದರೆ ನನಗೆ ತಕರಾರಿಲ್ಲ. ಅದರಲ್ಲಿ ಹೊಟ್ಟೆ ತುಂಬಿಸುವುದು ಏನೂ ಇಲ್ಲ, ಪಾಪ್ ಯಾವುದು ಅಂತ ಗುರುತಿಸುವುದೂ ಸುಲಭ. ಆದರೆ ತೆಗೆದುಕೊಂಡಷ್ಟನ್ನು ತರಕಾರಿಯ ಕಡೆಗೆ ಕೊಡಬೇಕು. ಬರೀ ತೆಗೆಯುವ ಕಾನೂನಿಗೆ ನಾನು ಕೈ ಎತ್ತುವುದಿಲ್ಲ. ಕ್ಯಾಂಡಿ, ಚಿಪ್ಸು, ಬಿಸ್ಕತ್ತು ಅಂತ ಪಟ್ಟಿ ಬೆಳೆಸಲು ಹೊರಟರಂತೂ ಮತ್ತೆ ಮೈದಾ ಹಿಟ್ಟಿನ ಕಥೆಯೇ.

ಈಗ ಆಗುತ್ತಿರುವುದು ಬರೀ ತೆಗೆಯುವುದು. 2025ರ ಮೇ ತಿಂಗಳಲ್ಲಿ ನೆಬ್ರಾಸ್ಕಕ್ಕೆ ಮೊದಲ ಅನುಮತಿ ಸಿಕ್ಕಿತು, ಅದೇ ವರ್ಷದ ಕೊನೆಗೆ ಅನುಮತಿ ಪಡೆದ ರಾಜ್ಯಗಳು 18. 2026ರ ಜನವರಿ 1ರಿಂದ ನೆಬ್ರಾಸ್ಕ, ಅಯೋವಾ, ಇಂಡಿಯಾನ, ಯೂಟಾ, ವೆಸ್ಟ್ ವರ್ಜೀನಿಯಾಗಳಲ್ಲಿ ಜಾರಿಗೂ ಬಂತು. ಇದರ ನಡುವೆ, 2025ರ ಜುಲೈನಲ್ಲಿ ಸಹಿ ಬಿದ್ದ ದೊಡ್ಡ ಕಾಯ್ದೆ ಸ್ನ್ಯಾಪ್ ಕುಟುಂಬಗಳಿಗೆ ಅಡುಗೆ, ಪೌಷ್ಟಿಕತೆ ಕಲಿಸುತ್ತಿದ್ದ ಸ್ನ್ಯಾಪ್-ಎಡ್ ಅನುದಾನವನ್ನೇ ನಿಲ್ಲಿಸಿಬಿಟ್ಟಿತು. ಆರೋಗ್ಯದ ಕಾಳಜಿ ಅಂದರೆ ಇದೇನಾ ಅಂತ ಕೇಳಬೇಕು ಅನ್ನಿಸುತ್ತದೆ. ನಮ್ಮ ಅಯೋವಾದ ಕಥೆ ಇದಕ್ಕೂ ಮುಂಚಿನದು: 2023ರ ಡಿಸೆಂಬರಿನಲ್ಲಿ, ಬೇಸಿಗೆ ರಜೆಯಲ್ಲಿ ಬಡ ಮಕ್ಕಳಿಗೆ ತಿಂಗಳಿಗೆ 40 ಡಾಲರ್ ಕೊಡುವ ಕೇಂದ್ರದ ಕಾರ್ಡು ಬೇಡ ಅಂದಿತು. ಅದರಿಂದ ಪೌಷ್ಟಿಕತೆ ಬೆಳೆಯುವುದಿಲ್ಲ, ಮಕ್ಕಳಲ್ಲಿ ಬೊಜ್ಜು ಜಾಸ್ತಿಯಾಗಿದೆ ಅನ್ನುವುದು ಕೊಟ್ಟ ಕಾರಣಗಳಲ್ಲೊಂದು. 2025ರ ಬೇಸಿಗೆಗೆ ಅದರ ಬದಲು ಆಹಾರದ ಪೆಟ್ಟಿಗೆ ಹಂಚುವ ವ್ಯವಸ್ಥೆ ಮಾಡಿದರು ಅನ್ನುವುದನ್ನೂ ಹೇಳಬೇಕು. 2024ರ ಬೇಸಿಗೆಗೆ ಮಾತ್ರ ಆ 40 ಡಾಲರ್ ಇರಲಿಲ್ಲ.

ಅಯೋವಾ ಹೊಸ ಪಟ್ಟಿ ಮಾಡುವ ತಲೆನೋವು ತಗೊಳ್ಳಲಿಲ್ಲ. ರಾಜ್ಯದ ಮಾರಾಟ ತೆರಿಗೆ ಯಾವ ತಿನಿಸಿಗೆ ಬೀಳುತ್ತದೋ ಅದು ಕಾರ್ಡಿನಲ್ಲಿ ಬರುವುದಿಲ್ಲ ಅಂದುಬಿಟ್ಟಿತು. ಇಲ್ಲಿನ ತೆರಿಗೆಯಲ್ಲೂ ಮೈದಾ ಇದ್ದರೆ ಅದು ಕ್ಯಾಂಡಿ ಅಲ್ಲ! ಇಪ್ಪತ್ತೆರಡು ವರ್ಷ ಕಳೆದರೂ ಕಿಟ್‌ಕ್ಯಾಟ್ ಪಾಸು.

ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿ ಈಗಲೂ ಅದೇ ಕೌಂಟರಿನಲ್ಲಿದ್ದಾಳೆ. ಜನವರಿಯ ಎರಡನೆಯ ವಾರ ಫೋನ್ ಮಾಡಿ ಕೇಳಿದೆ, ಹೇಗಿದೆ ಅಂತ. ಮೊದಲ ಕೆಲವು ದಿನ ಗಲಾಟೆಯಂತೆ, ಯಾವುದು ಬರುತ್ತೆ ಯಾವುದು ಬರಲ್ಲ ಅಂತ ಅವಳಿಗೇ ಗೊತ್ತಿರಲಿಲ್ಲವಂತೆ. ಈಗ ಜನ ರೂಢಿ ಮಾಡಿಕೊಂಡಿದ್ದಾರೆ. ಪಾಪ್ ಬಾಟಲಿಯನ್ನು ಬೆಲ್ಟಿನ ಕೊನೆಯಲ್ಲಿ, ನಡುವೆ ಅಡ್ಡಕೋಲು ಇಟ್ಟು ಬೇರೆ ಇಡುತ್ತಾರೆ. ಮೊದಲು ಕಾರ್ಡು ಉಜ್ಜುತ್ತಾರೆ, ಆಮೇಲೆ ಪರ್ಸಿನಿಂದ ಚಿಲ್ಲರೆ ಎಣಿಸುತ್ತಾರೆ. "ಸಾಲು ಮಾತ್ರ ನಿಧಾನ ಆಗಿದೆ" ಅಂದಳು. ಬಿಸಿ ಕೋಳಿಯ ಬಗ್ಗೆ ಕೇಳಿದೆ. ಅದು ಈಗಲೂ ಬರುವುದಿಲ್ಲವಂತೆ.